ದುಃಖಕ್ಕೂ ಒಂದು ವಿಳಾಸ ಇದೆ: ಕೊರಿಯಾದ ಕಲೆಯಲ್ಲಿ ಬಡವರ ಅಳು

2022ರ ಆಗಸ್ಟ್ 8ರ ರಾತ್ರಿ ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ ನಗರದಲ್ಲಿ ಎಡೆಬಿಡದೆ ಮಳೆ ಸುರಿಯಿತು. ಸಿಲ್ಲಿಮ್‌ದೋಂಗ್ ಎಂಬ ಕಡೆ ರಸ್ತೆಯ ನೀರು ಒಂದು ಮನೆಗೆ ನುಗ್ಗಿತು. ಆ ಮನೆಯ ಅರ್ಧ ಭಾಗ ನೆಲದ ಕೆಳಗೆ. ಕಿಟಕಿ ಇರುವುದು ರಸ್ತೆಯ ಮಟ್ಟಕ್ಕೆ. ಹೊರಗೆ ನಿಂತ ನೀರಿನ ಒತ್ತಡಕ್ಕೆ ಬಾಗಿಲು ತೆರೆಯಲಾಗಲಿಲ್ಲ. ಒಳಗಿದ್ದ ಅಕ್ಕ, ತಂಗಿ, 13 ವರ್ಷದ ಒಬ್ಬ ಹುಡುಗಿ, ಮೂವರೂ ಸತ್ತರು. ಮರುದಿನ ದೇಶದ ಅಧ್ಯಕ್ಷರು ಬಂದರು. ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಆ ಕಿಟಕಿಯೊಳಗೆ ಬಗ್ಗಿ ನೋಡಿದರು. ಆ ಫೋಟೊವನ್ನು ಅವರ ಕಚೇರಿ ಸರ್ಕಾರದ ಪ್ರಚಾರಕ್ಕೆ ಬಳಸಿತು. ಜನ ಸಿಟ್ಟಾದ ಮೇಲೆ ತೆಗೆದುಹಾಕಿತು.

ಇದಕ್ಕೆ ಮೂರು ವರ್ಷ ಮೊದಲು, 2019ರಲ್ಲಿ, ಬಾಂಗ್ ಜೂನ್-ಹೋ ಅವರ ‘ಪ್ಯಾರಸೈಟ್’ ಸಿನಿಮಾದಲ್ಲಿ ಜಗತ್ತು ಇಂಥದೇ ಒಂದು ಮನೆ ನೋಡಿತ್ತು. ಅಲ್ಲೂ ಅರ್ಧ ನೆಲದೊಳಗಿನ ಮನೆ, ಅಲ್ಲೂ ಮಳೆ, ಅಲ್ಲೂ ಒಳನುಗ್ಗುವ ಕೊಳಚೆ ನೀರು. ಆ ಸಿನಿಮಾಕ್ಕೆ ಆಸ್ಕರ್‌ನಲ್ಲಿ ನಾಲ್ಕು ಪ್ರಶಸ್ತಿ ಬಂತು. ಸಿಲ್ಲಿಮ್‌ದೋಂಗ್‌ನ ಸಾವಿನ ಸುದ್ದಿ ಬಂದಾಗ ಪತ್ರಿಕೆಗಳೆಲ್ಲ ಆ ಸಿನಿಮಾವನ್ನೇ ನೆನೆದವು. ಸಿನಿಮಾ ಮೊದಲೇ ಭವಿಷ್ಯ ಹೇಳಿತ್ತು ಅಂತ ಬರೆದವರೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ಅಲ್ಲಿ ಭವಿಷ್ಯ ಏನೂ ಇರಲಿಲ್ಲ. ಲಕ್ಷಾಂತರ ಜನ ಆಗಲೇ ಬದುಕುತ್ತಿದ್ದ ಮನೆಯನ್ನು ಸಿನಿಮಾ ಇದ್ದ ಹಾಗೆ ತೋರಿಸಿತ್ತು, ಅಷ್ಟೇ.

ಇಂಥ ಮನೆಗಳಿಗೆ ಕೊರಿಯನ್ನರು ‘ಬಾನ್‌ಜಿಹಾ’ ಅನ್ನುತ್ತಾರೆ. ಅರ್ಧ ನೆಲಮಾಳಿಗೆ ಅಂತ ಅರ್ಥ. ಇವು ಹುಟ್ಟಿದ ಕಥೆ ತಿಳಿದರೆ ಈ ಲೇಖನದ ಅರ್ಧ ವಿಷಯ ತಿಳಿದ ಹಾಗೆ. 1968ರ ಜನವರಿಯಲ್ಲಿ ಉತ್ತರ ಕೊರಿಯಾದ ಕಮಾಂಡೊಗಳು ಅಧ್ಯಕ್ಷರನ್ನು ಕೊಲ್ಲಲು ಸೋಲ್ ನಗರದೊಳಗೇ ಬಂದುಬಿಟ್ಟರು. ಅಧ್ಯಕ್ಷರ ನಿವಾಸದ ಹತ್ತಿರ ಗುಂಡಿನ ಕಾಳಗ ನಡೆಯಿತು. ಯುದ್ಧದ ಭಯ ಹಬ್ಬಿತು. 1970ರಲ್ಲಿ ಕಟ್ಟಡದ ಕಾನೂನು ಬದಲಾಯಿತು. ಯುದ್ಧ ಬಂದರೆ ಜನ ಅಡಗಿಕೊಳ್ಳಲು ಹೊಸ ಕಟ್ಟಡಗಳಲ್ಲಿ ನೆಲಮಾಳಿಗೆ ಇರಬೇಕು ಎಂಬ ನಿಯಮ ಬಂತು. ವಾಸಕ್ಕೆ ಅಂತ ಯಾರೂ ಅದನ್ನು ಕಟ್ಟಿಸಲಿಲ್ಲ. ಆದರೆ ಹಳ್ಳಿಗಳಿಂದ ಸೋಲ್‌ಗೆ ಬರುವ ಜನ ಜಾಸ್ತಿಯಾದರು. ಮನೆ ಸಿಗುತ್ತಿರಲಿಲ್ಲ. ಮಾಲೀಕರು ಈ ಗುಂಡಿಗಳನ್ನೇ ಬಾಡಿಗೆಗೆ ಕೊಟ್ಟರು. 1980ರ ದಶಕದಲ್ಲಿ ಸರ್ಕಾರವೂ ನಿಯಮ ಸಡಿಲಿಸಿತು. 2020ರ ಗಣತಿಯಲ್ಲಿ ನೆಲಮಾಳಿಗೆಗಳಲ್ಲಿ ವಾಸವಿದ್ದ ಕುಟುಂಬಗಳು 3 ಲಕ್ಷಕ್ಕೂ ಜಾಸ್ತಿ. ಅದರಲ್ಲಿ ಸುಮಾರು 2 ಲಕ್ಷ ಸೋಲ್ ಒಂದರಲ್ಲೇ.

ಅಲ್ಲಿನ ಯುವಜನರ ಬಾಯಲ್ಲಿ ‘ಜಿಯೋಕ್‌ಗೋ’ ಅನ್ನುವ ಮಾತಿದೆ. ನೆಲಮಾಳಿಗೆ, ಟೆರೇಸಿನ ಮೇಲಿನ ಒಂಟಿ ಕೋಣೆ, ಮಂಚ ಮೇಜು ಮಾತ್ರ ಹಿಡಿಸುವ ಪುಟ್ಟ ಬಾಡಿಗೆ ಗೂಡು, ಈ ಮೂರರ ಹೆಸರಿನಿಂದ ಒಂದೊಂದು ಅಕ್ಷರ ತೆಗೆದು ಕಟ್ಟಿದ ಪದ ಅದು. ‘ಜಿಯೋಕ್’ ಅಂದರೆ ಕೊರಿಯನ್ ಭಾಷೆಯಲ್ಲಿ ನರಕ.

‘ಪ್ಯಾರಸೈಟ್’ ನೋಡಿದ ಎಷ್ಟೋ ಕನ್ನಡಿಗರು ಮಳೆಗಿಂತ ವಾಸನೆಯ ವಿಷಯ ಜಾಸ್ತಿ ನೆನಪಿಟ್ಟಿದ್ದಾರೆ. ಶ್ರೀಮಂತ ಮನೆಯವನು ತನ್ನ ಡ್ರೈವರ್‌ನ ಮೈಯಿಂದ ಬರುವ ವಾಸನೆಯ ಬಗ್ಗೆ ಹೆಂಡತಿಯ ಹತ್ತಿರ ಆಡಿಕೊಳ್ಳುತ್ತಾನೆ. ಬಟ್ಟೆ ಬದಲಿಸಬಹುದು, ಮಾತು ಬದಲಿಸಬಹುದು, ನೆಲಮಾಳಿಗೆಯ ವಾಸನೆ ಮಾತ್ರ ಹೋಗುವುದಿಲ್ಲ. ಮುಟ್ಟು, ಮೈಲಿಗೆ, ದೂರ ನಿಲ್ಲು ಅನ್ನುವ ಮಾತುಗಳ ನಡುವೆ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಕೊರಿಯಾದ ಕಲೆಯಲ್ಲಿ ಯಾಕೆ ಇಷ್ಟು ದುಃಖ ಎಂದು ಕೇಳಿದರೆ ಸಾಮಾನ್ಯವಾಗಿ ಒಂದೇ ಉತ್ತರ ಸಿಗುತ್ತದೆ: ‘ಹಾನ್’. ತೀರದ ನೋವು, ನುಂಗಿಕೊಂಡ ಅನ್ಯಾಯ, ಎದೆಯೊಳಗೆ ಗಂಟು ಕಟ್ಟಿದ ಸಂಕಟ, ಇದೆಲ್ಲ ಸೇರಿದ ಒಂದು ಪದ. ಅದು ಕೊರಿಯನ್ನರ ರಕ್ತದಲ್ಲೇ ಇದೆ, ಅವರ ಸ್ವಭಾವವೇ ಅದು ಎಂದು ಹೇಳಿ ಮುಗಿಸುತ್ತಾರೆ. ಈ ಉತ್ತರದ ಬಗ್ಗೆ ನನಗೆ ತಕರಾರಿದೆ. ಇಡೀ ಜನಾಂಗವೇ ಹುಟ್ಟಿನಿಂದ ದುಃಖಿ ಎಂದುಬಿಟ್ಟರೆ, ಆ ದುಃಖ ಕೊಟ್ಟವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ.

ಈ ಮಾತಿಗೂ ಒಂದು ಇತಿಹಾಸ ಇದೆ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ಆಗ ಯಾನಾಗಿ ಮುನೆಯೋಶಿ ಎಂಬ ಜಪಾನಿ ಚಿಂತಕ ಕೊರಿಯಾದ ಕುಂಬಾರಿಕೆಗೆ ಮನಸೋತರು. ಅಲ್ಲಿನ ಮಡಕೆಗಳ ಬಾಗುಗೆರೆಯಲ್ಲಿ, ಜನ ಉಡುವ ಬಿಳಿ ಬಟ್ಟೆಯಲ್ಲಿ ಅವರಿಗೆ ದುಃಖದ ಸೌಂದರ್ಯ ಕಂಡಿತು. ಅವರದು ಕೆಟ್ಟ ಮನಸ್ಸಲ್ಲ. ಸೋಲ್‌ನ ಗ್ವಾಂಗ್‌ಹ್ವಾಮುನ್ ಹೆಬ್ಬಾಗಿಲನ್ನು ಕೆಡವಲು ಹೊರಟ ತನ್ನದೇ ಸರ್ಕಾರವನ್ನು 1922ರಲ್ಲಿ ಅವರು ಬಹಿರಂಗವಾಗಿ ವಿರೋಧಿಸಿದರು. ಆದರೂ ಮುಂದೆ ಕೊರಿಯಾದ ವಿಮರ್ಶಕರು ಅವರ ಮಾತನ್ನು ಒಪ್ಪಲಿಲ್ಲ. ಆಳಿಸಿಕೊಂಡವರ ನೋವನ್ನು ಆಳುವ ದೇಶದವನೊಬ್ಬ ‘ಎಷ್ಟು ಚೆಂದ’ ಅಂದರೆ ಅದನ್ನು ಮೆಚ್ಚುಗೆ ಅನ್ನುವುದು ಹೇಗೆ? 1970ರ ದಶಕದಲ್ಲಿ ಕವಿ ಕಿಮ್ ಜಿ-ಹಾ, ಧರ್ಮಶಾಸ್ತ್ರಜ್ಞ ಸೊ ನಾಮ್-ದೋಂಗ್ ಅಂಥವರು ಈ ಪದವನ್ನು ಹಿಡಿದು ಬೇರೆ ಕಡೆ ತಿರುಗಿಸಿದರು. ಹಾನ್ ಇರುವುದು ತುಳಿತಕ್ಕೆ ಸಿಕ್ಕಿದ ಜನರಲ್ಲಿ, ತುಳಿದವರಲ್ಲಿ ಅಲ್ಲ ಎಂದರು.

ಕೊರಿಯನ್ ಭಾಷೆಯ ಬಳಕೆಯೇ ಇದಕ್ಕೆ ಸಾಕ್ಷಿ. ಅಲ್ಲಿ ಹಾನ್ ಕಟ್ಟುತ್ತದೆ, ಮತ್ತೆ ಅದನ್ನು ಬಿಚ್ಚುತ್ತಾರೆ. ‘ಪುಲ್ಡಾ’ ಅಂದರೆ ಬಿಚ್ಚುವುದು, ಸಡಿಲಿಸುವುದು. ಗಂಟು ಇದ್ದರೆ ತಾನೇ ಬಿಚ್ಚುವ ಮಾತು? ಗಂಟು ಇದೆ ಅಂದರೆ ಕಟ್ಟಿದ ಕೈಯೂ ಇರಲೇಬೇಕು.

ಕೈ ಯಾವುದು ಎಂದು ಹಳೆಯ ಕಲೆಗಳು ನೇರವಾಗಿಯೇ ತೋರಿಸುತ್ತಿದ್ದವು. ಜಪಾನಿನ ಆಳ್ವಿಕೆಗೆ ಮೊದಲಿದ್ದ ಜೋಸೋನ್ ರಾಜ್ಯದಲ್ಲಿ ಮೇಲೆ ಯಾಂಗ್‌ಬಾನ್ ಎಂಬ ಜಮೀನುದಾರ, ವಿದ್ವಾಂಸ ವರ್ಗ. ಕೆಳಗೆ ಜೀತದವರು, ದನ ಕಡಿಯುವ ಬೆಕ್‌ಜಾಂಗ್ ಜನ, ದೇವರು ಮೈಮೇಲೆ ಬರುವ ಮುದಾಂಗ್ ಹೆಂಗಸರು, ಊರೂರು ತಿರುಗುವ ಕಲಾವಿದರು. ತಾಲ್‌ಚುಮ್ ಎಂಬ ಮುಖವಾಡದ ಕುಣಿತದಲ್ಲಿ ಮಾಲ್ತುಗಿ ಎಂಬ ಆಳು ತನ್ನ ಯಾಂಗ್‌ಬಾನ್ ಯಜಮಾನರನ್ನು ಎಲ್ಲರ ಎದುರು ಮಾತಿನಲ್ಲೇ ಸೋಲಿಸುತ್ತಾನೆ. ಹಾಹ್ವೆ ಎಂಬ ಹಳ್ಳಿಯಲ್ಲಂತೂ ಊರಿನ ಯಾಂಗ್‌ಬಾನ್ ಮನೆತನದವರೇ ಈ ಆಟಕ್ಕೆ ಅಡ್ಡಿ ಮಾಡುತ್ತಿರಲಿಲ್ಲ. ವರ್ಷವೆಲ್ಲ ಬಾಯಿ ಮುಚ್ಚಿದವರಿಗೆ ಕೆಲವು ದಿನ ಬಾಯಿ ಬಿಡಲು ಅವಕಾಶ. 2022ರಲ್ಲಿ ಈ ಕಲೆ ಯುನೆಸ್ಕೊ ಪಟ್ಟಿ ಸೇರಿತು.

ಪಾನ್ಸೊರಿಯ ವಿಷಯ ಇನ್ನೂ ಗಟ್ಟಿ. ಒಬ್ಬ ಹಾಡುಗಾರ, ಒಬ್ಬ ಡೋಲಿನವನು, ಗಂಟೆಗಟ್ಟಲೆ ಕಥೆ. ಕೇಳುವವರೂ ಸುಮ್ನೆ ಕೂರುವುದಿಲ್ಲ. ನಡುನಡುವೆ ಕೂಗಿ ಹುರಿದುಂಬಿಸುತ್ತಾರೆ. ಅದಿಲ್ಲದೆ ಹಾಡು ಮೇಲೇಳುವುದಿಲ್ಲ. ಇದನ್ನು ಹಾಡುತ್ತಿದ್ದ ಗ್ವಾಂಗ್‌ದೆ ಜನ ಸಮಾಜದ ತೀರಾ ಕೆಳಗಿನವರು. ಇಂದಿಗೆ ಉಳಿದಿರುವ ಐದು ಕಥೆಗಳಲ್ಲಿ ಒಂದು ಸಿಮ್‌ಚಾಂಗ್ ಎಂಬ ಹುಡುಗಿಯದು. ಕುರುಡ ತಂದೆಗೆ ಕಣ್ಣು ಬರಲಿ ಎಂದು ಅವಳು ತನ್ನನ್ನೇ ಮಾರಿಕೊಳ್ಳುತ್ತಾಳೆ. ಕೊಂಡವರು ಸಮುದ್ರಕ್ಕೆ ಬಲಿ ಕೊಡಲು ಹುಡುಗಿ ಹುಡುಕುತ್ತಿದ್ದ ನಾವಿಕರು. ಬೆಲೆ 300 ಅಳತೆ ಅಕ್ಕಿ. ಇದನ್ನು ತಂದೆಯ ಮೇಲಿನ ಭಕ್ತಿಯ ಕಥೆ ಎಂದು ಮೇಲಿನವರು ಹೊಗಳಿದರು. ಆದರೆ ಹಾಡಿದವರಿಗೂ ಕೇಳಿದ ಬಡವರಿಗೂ ಆ ಅಕ್ಕಿಯ ಲೆಕ್ಕ ಕೇಳಿಸಿರುತ್ತದೆ. ಸಮುದ್ರಕ್ಕೆ ಹಾಕಲು ಬಡವರ ಮಗಳೇ ಯಾಕೆ ಬೇಕಾಯಿತು ಎಂಬುದೂ.

1894ರಲ್ಲಿ ದೊಂಗ್‌ಹಾಕ್ ಎಂಬ ಧಾರ್ಮಿಕ ಪಂಥದ ರೈತರು ಬಂಡೆದ್ದರು. ಸುಲಿಗೆ ಅಧಿಕಾರಿಗಳ ವಿರುದ್ಧ, ಜೀತದ ವಿರುದ್ಧ, ಕೊನೆಗೆ ಜಪಾನಿ ಸೇನೆಯ ವಿರುದ್ಧ. ಅವರ ನಾಯಕ ಜೊನ್ ಬೋಂಗ್‌ಜುನ್. ಕುಳ್ಳಗಿದ್ದ ಅವನನ್ನು ಜನ ಪ್ರೀತಿಯಿಂದ ‘ಹೆಸರುಕಾಳು ದಂಡನಾಯಕ’ ಎಂದು ಕರೆಯುತ್ತಿದ್ದರು. ಬಂಡಾಯ ಸೋತಿತು, 1895ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಮೇಲೆ ಒಂದು ಜನಪದ ಹಾಡು ಊರೂರಿಗೆ ಹಬ್ಬಿತು. ಹೆಸರುಕಾಳಿನ ಹೊಲದ ಮೇಲೆ ಕೂರಬೇಡ ಎಂದು ಹಕ್ಕಿಯನ್ನು ಬೇಡಿಕೊಳ್ಳುವ ಹಾಡು. ಇವತ್ತಿಗೂ ತಾಯಂದಿರು ಅದನ್ನು ಮಕ್ಕಳಿಗೆ ಜೋಗುಳವಾಗಿ ಹಾಡುತ್ತಾರೆ. ಬಂಡಾಯ ಎದ್ದ 1894ರಲ್ಲೇ ಕಾನೂನಿನಲ್ಲಿ ಹುಟ್ಟಿನ ಶ್ರೇಣಿ ರದ್ದಾಯಿತು. ಬದುಕಿನಲ್ಲಿ ಆಗಲಿಲ್ಲ. 1923ರಲ್ಲಿ ಜಿನ್‌ಜು ಊರಿನಲ್ಲಿ ಬೆಕ್‌ಜಾಂಗ್ ಜನ ಮನುಷ್ಯರಂತೆ ಬಾಳುವ ಹಕ್ಕಿಗಾಗಿ ಸಂಘ ಕಟ್ಟಬೇಕಾಯಿತು. ಅವರು ತಮ್ಮ ಸಂಘಕ್ಕೆ ‘ಹ್ಯೊಂಗ್‌ಪ್ಯೊಂಗ್’ ಎಂದು ಹೆಸರಿಟ್ಟರು. ಸಮ ತೂಗುವ ತಕ್ಕಡಿ ಅದರ ಅರ್ಥ. ಮಾಂಸ ತೂಗುವ ಜನಕ್ಕೆ ಹೊಳೆದ ಹೆಸರು ಇದು. ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆಮೇಲೆ ಕಾರ್ಖಾನೆಗಳ ಕಾಲ ಬಂತು. ಸೋಲ್‌ನ ಶಾಂತಿ ಮಾರುಕಟ್ಟೆಯಲ್ಲಿ ಹುಡುಗಿಯರು ತಲೆಯೆತ್ತಿ ನಿಲ್ಲಲಾಗದ ಅಟ್ಟದಲ್ಲಿ ಕೂತು ದಿನಕ್ಕೆ 14 ಗಂಟೆ ಬಟ್ಟೆ ಹೊಲಿಯುತ್ತಿದ್ದರು. ಜೊನ್ ತೆ-ಇಲ್ ಅಲ್ಲಿನ ಟೈಲರ್. ಕಾರ್ಮಿಕರ ಕಾನೂನು ಅಂತ ಒಂದಿದೆ ಎಂದು ಅವನಿಗೆ ಗೊತ್ತಾಯಿತು. ಪುಸ್ತಕ ತಂದ. ಅದರ ತುಂಬಾ ಚೀನಿ ಅಕ್ಷರಗಳು. ಓದಿ ಹೇಳಲು ಕಾಲೇಜಿಗೆ ಹೋಗುವ ಒಬ್ಬ ಗೆಳೆಯ ಇದ್ದಿದ್ದರೆ ಎಂದು ಅವನು ಹಂಬಲಿಸುತ್ತಿದ್ದ. 1970ರ ನವೆಂಬರ್ 13ರಂದು ಆ ಕಾನೂನು ಪುಸ್ತಕದ ಜೊತೆಗೇ ಅವನು ಮೈಗೆ ಬೆಂಕಿ ಹಚ್ಚಿಕೊಂಡ. ವಯಸ್ಸು 22. ಅವನ ಸಾವಿನ ನಂತರ ಕಾಲೇಜಿನ ಹುಡುಗರು ಕಾರ್ಖಾನೆಗಳ ಕಡೆ ಬಂದರು. ರಾತ್ರಿ ಶಾಲೆ ತೆರೆದರು. ಚಿತ್ರ ಬರೆಯುವವರು ಗ್ಯಾಲರಿ ಬಿಟ್ಟು ಮರದ ಅಚ್ಚಿನ ಕಡೆ ಹೊರಳಿದರು. ಒಂದು ಮರ ಕೆತ್ತಿದರೆ ನೂರು ಪ್ರತಿ ತೆಗೆಯಬಹುದು, ಯಾರ ಕೈಗೂ ಕೊಡಬಹುದು. ಓ ಯೂನ್, ಹೊಂಗ್ ಸೊಂಗ್-ದಾಮ್ ಅವರ ಅಚ್ಚಿನ ಚಿತ್ರಗಳು ಇಲ್ಲಿಂದ ಬಂದವು. ಇದಕ್ಕೆಲ್ಲ ‘ಮಿನ್‌ಜುಂಗ್’ ಕಲೆ, ಅಂದರೆ ಜನರ ಕಲೆ ಎಂಬ ಹೆಸರು ನಿಂತಿತು.

1980ರ ಮೇ ತಿಂಗಳಲ್ಲಿ ಗ್ವಾಂಗ್‌ಜು ನಗರದಲ್ಲಿ ಸೇನಾ ಆಡಳಿತದ ವಿರುದ್ಧ ಎದ್ದ ತನ್ನದೇ ಜನರನ್ನು ಸೇನೆ ಕೊಂದಿತು. ಮೇ 27ರ ಬೆಳಗಿನ ಜಾವ ಕೊನೆಯವರೆಗೂ ಪ್ರಾಂತ್ಯದ ಕಚೇರಿಯಲ್ಲಿ ಉಳಿದು ಸತ್ತವರಲ್ಲಿ ಕೂಲಿಯವರು, ಸಣ್ಣ ಕೆಲಸದ ಹುಡುಗರು ಬಹಳ. ಅಲ್ಲೇ ಸತ್ತ ಯೂನ್ ಸಾಂಗ್-ವೊನ್ ಎಂಬ ಯುವಕ ಕಾರ್ಮಿಕರ ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ. ಅದೇ ಶಾಲೆಯಲ್ಲಿದ್ದ ಪಾರ್ಕ್ ಗಿ-ಸುನ್ ಎಂಬ ಯುವತಿ 1978ರಲ್ಲೇ ತೀರಿಹೋಗಿದ್ದಳು. 1982ರಲ್ಲಿ ಗೆಳೆಯರು ಸೇರಿ ಸತ್ತ ಇಬ್ಬರಿಗೂ ಆತ್ಮದ ಮದುವೆ ಮಾಡಿದರು. ತುಳುನಾಡಿನವರಿಗೆ ಇದು ಅಪರಿಚಿತ ಅಲ್ಲ, ಅಲ್ಲೂ ಆಷಾಢದಲ್ಲಿ ಸತ್ತವರಿಗೆ ಮದುವೆ ಮಾಡುತ್ತಾರೆ. ಆ ಮದುವೆಯ ಸಲುವಾಗಿ ಕಟ್ಟಿದ ಒಂದು ಹಾಡು ಮುಂದೆ ಇಡೀ ದೇಶದ ಹೋರಾಟದ ಹಾಡಾಯಿತು.

ಇದರ ಸುತ್ತ ನಡೆದ ಜಗಳ ಗಮನಿಸಿ. 2009ರಿಂದ ಕೆಲವು ವರ್ಷ, ಗ್ವಾಂಗ್‌ಜು ಸ್ಮರಣೆಯ ಸರ್ಕಾರಿ ಸಭೆಯಲ್ಲಿ ಎಲ್ಲರೂ ಎದ್ದು ಈ ಹಾಡು ಹಾಡುವುದನ್ನು ಸರ್ಕಾರ ತಪ್ಪಿಸಿತು. ವೇದಿಕೆಯ ಮೇಲಿನ ಗಾಯಕರ ತಂಡ ಹಾಡಲಿ, ಬೇಕಾದವರು ದನಿ ಸೇರಿಸಲಿ ಎಂದಿತು. 2017ರಲ್ಲಿ ಹೊಸ ಸರ್ಕಾರ ಬಂದ ಮೇಲೆ ಮತ್ತೆ ಎಲ್ಲರೂ ಕೂಡಿ ಹಾಡಿದರು. ಹಾಡು ಅದೇ, ಪದ ಅದೇ. ಎಲ್ಲರೂ ಹಾಡಬೇಕೋ, ಕೆಲವರು ಹಾಡಿ ಉಳಿದವರು ಕೇಳಬೇಕೋ ಎಂಬುದೇ ಇಷ್ಟು ದೊಡ್ಡ ರಾಜಕೀಯ ಆಯಿತು. ಒಂಟಿಯಾಗಿ ಅಳುವವರನ್ನು ಕಂಡು ಯಾವ ಸರ್ಕಾರವೂ ಹೆದರುವುದಿಲ್ಲ. ಕೂಡಿ ಅತ್ತರೆ ಹೆದರುತ್ತದೆ.

ಇದು ಇನ್ನೂ ಸ್ಪಷ್ಟವಾಗಿ ಕಂಡದ್ದು ಸೆವೋಲ್ ಹಡಗಿನ ವಿಷಯದಲ್ಲಿ. 2014ರ ಏಪ್ರಿಲ್ 16ರಂದು ಆ ಹಡಗು ಜಿಂದೋ ದ್ವೀಪದ ಹತ್ತಿರ ಮುಳುಗಿತು. 304 ಜನ ಸತ್ತರು. ಅವರಲ್ಲಿ 250 ಮಂದಿ ಆನ್‌ಸಾನ್ ಊರಿನ ಒಂದೇ ಹೈಸ್ಕೂಲಿನ ಮಕ್ಕಳು. ಆನ್‌ಸಾನ್ ಕಾರ್ಖಾನೆಗಳ ಊರು. ಇದ್ದಲ್ಲೇ ಇರಿ, ಅಲುಗಾಡಬೇಡಿ ಎಂದು ಹಡಗಿನ ಮೈಕಿನಲ್ಲಿ ಹೇಳಿದರು. ಮಕ್ಕಳು ಹೇಳಿದ ಮಾತು ಕೇಳಿದರು. ಕ್ಯಾಪ್ಟನ್ ಮೊದಲೇ ಇಳಿದುಹೋದ.

ಜಿಂದೋದಲ್ಲಿ ಶತಮಾನಗಳಿಂದ ಒಂದು ವಿಧಿ ಇದೆ. ಹೆಸರು ಸಿಟ್‌ಗಿಮ್‌ಗುತ್, ಅಂದರೆ ತೊಳೆಯುವ ಆಚರಣೆ. ಸಮುದ್ರದ ನಡುವಿನ ದ್ವೀಪ, ನೀರಿಗೆ ಹೋದವರು ಎಲ್ಲರೂ ಮರಳುವುದಿಲ್ಲ. ಸತ್ತವರ ಮನಸ್ಸಿನ ನೋವನ್ನು ಮುದಾಂಗ್ ತೊಳೆಯುತ್ತಾಳೆ. ಉದ್ದ ಬಿಳಿ ಬಟ್ಟೆಯಲ್ಲಿ ಸಾಲಾಗಿ ಗಂಟು ಹಾಕಿರುತ್ತಾರೆ. ಹಾಡುತ್ತಾ, ಕುಣಿಯುತ್ತಾ ಅವಳು ಒಂದೊಂದೇ ಗಂಟು ಬಿಚ್ಚುತ್ತಾಳೆ. ಕೊನೆಗೆ ಆ ಬಟ್ಟೆಯನ್ನೇ ದಾರಿಯ ಹಾಗೆ ಹಾಸಿ ಸತ್ತವರನ್ನು ಕಳಿಸಿಕೊಡುತ್ತಾರೆ. ಹಾನ್ ಬಿಚ್ಚುವುದು ಎಂಬ ಮಾತನ್ನು ಕಣ್ಣಿಗೆ ಕಾಣುವ ಹಾಗೆ ಮಾಡುವ ವಿಧಿ ಇದು. ಅದೇ ಜಿಂದೋದ ಪೆಂಗ್‌ಮೋಕ್ ಬಂದರಿನಲ್ಲಿ ತಂದೆ ತಾಯಿಗಳು ಮಕ್ಕಳ ದೇಹ ಮೇಲೆ ಬರಲಿ ಎಂದು ತಿಂಗಳುಗಟ್ಟಲೆ ಕಾದರು. ಹಡಗನ್ನು ಎತ್ತಿದ್ದು 2017ರಲ್ಲಿ. ಐದು ಜನರ ದೇಹ ಕೊನೆಗೂ ಸಿಗಲಿಲ್ಲ.

ಗಂಟು ಬಿಚ್ಚಬೇಕಾದರೆ ಏನಾಯಿತು ಎಂದು ಹೇಳಬೇಕು. ಕಲಾವಿದರು, ಲೇಖಕರು ಅದನ್ನೇ ಕೇಳಿದರು. 2016ರಲ್ಲಿ ಒಂದು ಸರ್ಕಾರಿ ಪಟ್ಟಿ ಹೊರಬಿತ್ತು. 9,473 ಕಲಾವಿದರ ಹೆಸರು. ಇವರಿಗೆ ಸರ್ಕಾರದ ನೆರವು ಸಿಗಬಾರದು ಎಂದು ಮಾಡಿದ ಕಪ್ಪುಪಟ್ಟಿ. ಜಾಸ್ತಿ ಹೆಸರು ವಿರೋಧ ಪಕ್ಷದವರನ್ನು ಬೆಂಬಲಿಸಿದವರದು. ಆದರೆ ಅದರಲ್ಲಿ 594 ಮತ್ತು 754 ಜನರ ಎರಡು ಗುಂಪು ಇದ್ದವು. ಅವರ ತಪ್ಪು ಸೆವೋಲ್ ಬಗ್ಗೆ ಬರೆದ ಹೇಳಿಕೆಗೆ ಸಹಿ ಹಾಕಿದ್ದು. ಬಾಂಗ್ ಜೂನ್-ಹೋ ಹೆಸರೂ ಅಂದಿನ ಸರ್ಕಾರಗಳ ಇಂಥ ಪಟ್ಟಿಗಳಲ್ಲಿ ಇತ್ತು. ಗ್ವಾಂಗ್‌ಜು ಬಗ್ಗೆ ಕಾದಂಬರಿ ಬರೆದ ಹಾನ್ ಕಾಂಗ್ ಹೆಸರೂ ಇತ್ತು. ಮುಂದೆ ಒಬ್ಬರಿಗೆ ಆಸ್ಕರ್ ಬಂತು, ಇನ್ನೊಬ್ಬರಿಗೆ 2024ರಲ್ಲಿ ಸಾಹಿತ್ಯದ ನೊಬೆಲ್ ಬಂತು. ಕೊರಿಯಾದ ಕಲೆ ಗೆದ್ದಿದ್ದು ಸರ್ಕಾರದ ಬೆಂಬಲದಿಂದ ಎಂದು ನಮ್ಮಲ್ಲಿ ಬರೆಯುವವರಿಗೆ ಈ ಪಟ್ಟಿಯೂ ನೆನಪಿರಲಿ.

‘ಸ್ಕ್ವಿಡ್ ಗೇಮ್’ ಸರಣಿಯ ಬಗ್ಗೆ ಹೇಳದೆ ಈ ಮಾತು ಮುಗಿಯುವುದಿಲ್ಲ. ನಮ್ಮ ಮಕ್ಕಳೆಲ್ಲ ಹಸಿರು ಟ್ರ್ಯಾಕ್‌ಸೂಟ್, ಗುಲಾಬಿ ಮುಸುಕು ಗುರುತಿಸುತ್ತಾರೆ. ಕಥೆಯ ನಾಯಕ ಹಿಂದೆ ಕಾರು ಕಾರ್ಖಾನೆಯ ಕೆಲಸಗಾರ, ಮುಷ್ಕರದ ನಂತರ ಬೀದಿಗೆ ಬಿದ್ದವನು ಎಂಬುದನ್ನು ಎಷ್ಟು ಜನ ಗಮನಿಸಿದ್ದಾರೋ. ನಿರ್ದೇಶಕ ಹ್ವಾಂಗ್ ದೋಂಗ್-ಹ್ಯೊಕ್ ಇದಕ್ಕೆ ಸಾಂಗ್‌ಯೋಂಗ್ ಮೋಟರ್ ಪ್ರಕರಣವೇ ಮೂಲ ಎಂದು ಹೇಳಿದ್ದಾರೆ. 2009ರಲ್ಲಿ ಪ್ಯೊಂಗ್‌ತೆಕ್‌ನ ಆ ಕಾರ್ಖಾನೆ 2,600ಕ್ಕೂ ಹೆಚ್ಚು ಜನರನ್ನು ತೆಗೆಯಲು ಹೊರಟಿತು. ಕೆಲಸಗಾರರು 77 ದಿನ ಕಾರ್ಖಾನೆಯೊಳಗೆ ಕೂತರು. ಪೊಲೀಸರು ಹೆಲಿಕಾಪ್ಟರ್‌ನಿಂದ ಅಶ್ರುವಾಯುವಿನ ನೀರು ಸುರಿದರು. ಮುಂದಿನ ವರ್ಷಗಳಲ್ಲಿ ಆ ಕೆಲಸಗಾರರು ಮತ್ತು ಅವರ ಮನೆಯವರಲ್ಲಿ 30 ಜನ ಆತ್ಮಹತ್ಯೆಯಿಂದ, ಕಾಯಿಲೆಯಿಂದ ಸತ್ತರು. ಅದರ ಮೇಲೆ 2013ರಲ್ಲಿ ನ್ಯಾಯಾಲಯ ಮುಷ್ಕರ ಮಾಡಿದವರೇ 470 ಕೋಟಿ ವೊನ್ ನಷ್ಟ ಕಟ್ಟಿಕೊಡಬೇಕು ಎಂದಿತು.

ಆಗ ಯಾರೋ ಒಬ್ಬರು 47,000 ವೊನ್ ಹಾಕಿದ ಲಕೋಟೆಯನ್ನು ಒಂದು ಪತ್ರಿಕೆಗೆ ಕಳಿಸಿದರು. ಹೀಗೆ ಒಂದು ಲಕ್ಷ ಜನ ಕೊಟ್ಟರೆ ಸಾಲ ತೀರುತ್ತದೆ ಎಂಬ ಲೆಕ್ಕ. ಹಿಂದೆ ಕಾರ್ಖಾನೆಗಳಲ್ಲಿ ಸಂಬಳವನ್ನು ಹಳದಿ ಲಕೋಟೆಯಲ್ಲಿ ಕೊಡುತ್ತಿದ್ದರು. ಅದರ ನೆನಪಿಗೆ ಇದು ಹಳದಿ ಲಕೋಟೆ ಚಳವಳಿ ಆಯಿತು. ಹತ್ತು ವರ್ಷ ಕಳೆದು, 2025ರ ಆಗಸ್ಟ್‌ನಲ್ಲಿ ಅದೇ ಹೆಸರಿನಿಂದ ಕರೆಯುವ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. ಮುಷ್ಕರ ಮಾಡಿದವರ ಮೇಲೆ ಕಂಪನಿಗಳು ಮನಬಂದಂತೆ ನಷ್ಟದ ದಾವೆ ಹೂಡುವುದನ್ನು ಅದು ಮಿತಿಗೊಳಿಸುತ್ತದೆ.

ಕಲೆ ಮಾಡುವವರ ನಡುವೆಯೂ ಮೇಲು ಕೆಳಗು ಇದೆ ಎಂಬುದನ್ನೂ ಹೇಳಬೇಕು. 2011ರಲ್ಲಿ ಒಬ್ಬ ಯುವ ಚಿತ್ರಕಥೆಗಾರ್ತಿ ಬಡತನ, ಕಾಯಿಲೆಯಲ್ಲಿ ತನ್ನ ಬಾಡಿಗೆ ಕೋಣೆಯಲ್ಲೇ ಸತ್ತಳು. ಪಕ್ಕದ ಮನೆಯ ಬಾಗಿಲಿಗೆ ಅವಳು ಅಂಟಿಸಿದ್ದ ಚೀಟಿಯಲ್ಲಿ ಇದ್ದದ್ದು ಅನ್ನ, ಕಿಮ್ಚಿ ಉಳಿದಿದ್ದರೆ ಕೊಡಿ ಎಂಬ ಬೇಡಿಕೆ. ಕಲಾವಿದರ ಕಲ್ಯಾಣಕ್ಕೆ ಅಲ್ಲಿ ಕಾನೂನು ಬಂದಿದ್ದು ಆ ಸಾವಿನ ಮೇಲೆ.

ಕೊನೆಯದಾಗಿ ಒಂದು ರಾತ್ರಿಯ ಮಾತು. 2024ರ ಡಿಸೆಂಬರ್ 3ರಂದು ಅಧ್ಯಕ್ಷ ಯೂನ್ ಸೊಕ್-ಯೋಲ್ ದೇಶದ ಮೇಲೆ ಸೇನಾ ಆಡಳಿತ ಹೇರಿದರು. ಸಿಲ್ಲಿಮ್‌ದೋಂಗ್‌ನ ಕಿಟಕಿಯಲ್ಲಿ ಬಗ್ಗಿ ನೋಡಿದ್ದವರು ಇವರೇ. ಸಂಸತ್ತು ಕೆಲವೇ ಗಂಟೆಗಳಲ್ಲಿ ಅದನ್ನು ತಳ್ಳಿಹಾಕಿತು. ಡಿಸೆಂಬರ್ 7ರಂದು ಸ್ಟಾಕ್‌ಹೋಮ್‌ನಲ್ಲಿ ಹಾನ್ ಕಾಂಗ್ ನೊಬೆಲ್ ಭಾಷಣ ಮಾಡಿದರು. ಗ್ವಾಂಗ್‌ಜು ಬಗ್ಗೆ ಬರೆಯುವಾಗ ತನ್ನ ಪ್ರಶ್ನೆಯೇ ತಿರುಗಿಹೋಯಿತು ಎಂದರು. ಬದುಕಿರುವವರು ಸತ್ತವರನ್ನು ಉಳಿಸಬಲ್ಲರೇ ಎಂದು ಕೇಳುತ್ತಿದ್ದವರು, ಸತ್ತವರು ಬದುಕಿರುವವರನ್ನು ಉಳಿಸಬಲ್ಲರೇ ಎಂದು ಕೇಳತೊಡಗಿದರಂತೆ.

ಎರಡು ವಾರದ ಮೇಲೆ, ಡಿಸೆಂಬರ್ 21ರಂದು, ದಕ್ಷಿಣದ ಹಳ್ಳಿಗಳಿಂದ ರೈತರು ಟ್ರ್ಯಾಕ್ಟರ್ ಓಡಿಸಿಕೊಂಡು ಸೋಲ್ ಕಡೆ ಬಂದರು. ತಮ್ಮ ತಂಡಕ್ಕೆ ಅವರು ಇಟ್ಟಿದ್ದು ಜೊನ್ ಬೋಂಗ್‌ಜುನ್ ಹೆಸರು. ನಗರದ ಅಂಚಿನ ನಾಮ್ತೆರ್ಯಾಂಗ್ ಎಂಬ ಏರಿನಲ್ಲಿ ಪೊಲೀಸರು ಬಸ್ಸುಗಳನ್ನು ಅಡ್ಡ ನಿಲ್ಲಿಸಿ ತಡೆದರು. ಅಂದು ವರ್ಷದ ಅತಿ ಉದ್ದದ ರಾತ್ರಿ, ಕೊರೆಯುವ ಚಳಿ. ಫೋನಿನಲ್ಲಿ ಸುದ್ದಿ ನೋಡಿ ಸಾವಿರಾರು ಜನ ಅಲ್ಲಿಗೆ ಬಂದರು. ಅವರಲ್ಲಿ ಜಾಸ್ತಿ ಯುವತಿಯರು. ಕೈಯಲ್ಲಿ ಪಾಪ್ ತಂಡಗಳ ಕಾರ್ಯಕ್ರಮಕ್ಕೆ ಒಯ್ಯುವ ಬಣ್ಣದ ದೀಪದ ಕೋಲು. ಬರಲಾಗದವರು ಬಿಸಿ ಊಟ ಕಳಿಸಿದರು, ಕೂತು ಮೈ ಬೆಚ್ಚಗೆ ಮಾಡಿಕೊಳ್ಳಲು ಬಸ್ ಕಳಿಸಿದರು. ರಾತ್ರಿಯಿಡೀ ಪಾಪ್ ಹಾಡು ಹಾಡಿದರು, ಹಳೆಯ ಹೋರಾಟದ ಹಾಡೂ ಹಾಡಿದರು. ಒಬ್ಬೊಬ್ಬರಾಗಿ ಎದ್ದು ತಾವು ಯಾರು, ಎಲ್ಲಿ ಕೆಲಸ ಮಾಡುತ್ತೇವೆ, ಎಂಥ ಕಷ್ಟದಲ್ಲಿದ್ದೇವೆ ಎಂದು ಹೇಳಿಕೊಂಡರು. ಮಾರನೇ ದಿನ ಸಂಜೆ, ಸುಮಾರು 28 ಗಂಟೆಗಳ ನಂತರ, ಪೊಲೀಸರು ಬಸ್ಸುಗಳನ್ನು ಸರಿಸಿದರು. ಟ್ರ್ಯಾಕ್ಟರ್‌ಗಳು ಏರು ದಾಟಿ ಸೋಲ್ ಒಳಗೆ ಬಂದವು.